ಔಟ್‌ಬೋರ್ಡ್ ರಿಪೇರಿ: ಸರ್ವಿಸ್ ಮ್ಯಾನುವಲ್ ತಪ್ಪದೆ ತನ್ನಿ

ಎಲ್ಲರಿಗೂ ನಮಸ್ಕಾರ. ಮಳೆಗಾಲದ ನಾಡದೋಣಿ ಮೀನುಗಾರಿಕೆಗೆ ಮುಂಚಿನ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹಾಕುವ) ಎಂಜಿನ್ ರಿಪೇರಿ ಈ ಭಾನುವಾರ ಬೆಳಿಗ್ಗೆ 9ಕ್ಕೆ, ಬಂದರಿನ ಶೆಡ್‌ನಲ್ಲಿ. ಎಂಜಿನ್ ತರುವವರು ಸರ್ವಿಸ್ ಮ್ಯಾನುವಲ್ ಸಹ ತನ್ನಿ, ಮೊಬೈಲ್‌ನಲ್ಲಿ ಪಿಡಿಎಫ್ ಇದ್ದರೂ ಸಾಕು.

ಹೆಡ್ (ಸಿಲಿಂಡರ್ ಮುಚ್ಚಳ) ಬೋಲ್ಟನ್ನು ಅಂದಾಜಿನ ಮೇಲೆ ಬಿಗಿದರೆ ಗ್ಯಾಸ್ಕೆಟ್ (ಸಂದು ಮುಚ್ಚುವ ಹಾಳೆ) ಸೋರುವ ಭಯ. ಯಾವ ಬೋಲ್ಟ್ ಮೊದಲು, ಎಷ್ಟು ಟಾರ್ಕ್ (ಬಿಗಿಯುವ ತಿರುಚು ಬಲ), ಎಲ್ಲ ಮ್ಯಾನುವಲ್‌ನಲ್ಲಿದೆ. ಇಂಪೆಲ್ಲರ್ (ಎಂಜಿನ್ ತಂಪು ಮಾಡುವ ನೀರಿನ ಪಂಪಿನ ಚಕ್ರ) ರೆಕ್ಕೆ ಯಾವ ಕಡೆ ಬಾಗಬೇಕು ಅನ್ನೋದೂ ಅಷ್ಟೇ. ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಅಂಥವರು ಮೊದಲೇ ಹೇಳಿ, ಸೀಲ್ ತರಿಸಬೇಕು.

ಮಾಡೆಲ್, ಸೀರಿಯಲ್ ನಂಬರ್ ಇರುವ ಪ್ಲೇಟಿನ ಫೋಟೊ ಶುಕ್ರವಾರದೊಳಗೆ ಇಲ್ಲಿ ಹಾಕಿ. ಎರಡು ಎಂಜಿನ್ 10 ಎಚ್‌ಪಿಯವೇ ಆದರೂ ಮಾಡೆಲ್ ಬೇರೆಯಾದರೆ ಅಳತೆ ಬೇರೆ ಇರಬಹುದು. ಮ್ಯಾನುವಲ್ ಇಲ್ಲದವರು ಅದನ್ನೂ ಬರೆಯಿರಿ, ಹುಡುಕಿ ಕೊಡೋಣ.