ಕೆಂಪು ದೀಪ ಹತ್ತುವಷ್ಟು ಗೇನ್ ಏರಿಸಬೇಡಿ

ಸಂಪಾದಕರೇ,

ಹಳೇ ಭಾಗವತರ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಬೇಕು ಅಂತ ನಿಮ್ಮ ವಾಚಕರ ವಾಣಿಯಲ್ಲಿ ಆಗಾಗ ಪತ್ರ ಬರುತ್ತದೆ. ಒಳ್ಳೆಯ ಮಾತೇ. ಆದರೆ ಈಗ ಹೊಸದಾಗಿ ಮಾಡುತ್ತಿರುವ ರೆಕಾರ್ಡಿಂಗ್‌ಗಳ ಗತಿ ಏನು? ನಾನು ಪುತ್ತೂರಿನಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡು ಯಕ್ಷಗಾನದ ಪದ್ಯ, ತಾಳಮದ್ದಳೆ ರೆಕಾರ್ಡ್ ಮಾಡುವವನು. ‘ಸ್ವಲ್ಪ ಸರಿ ಮಾಡಿ ಕೊಡಿ’ ಅಂತ ಊರೂರಿಂದ ಫೈಲ್ ಕಳಿಸುತ್ತಾರೆ. ತೆರೆದು ನೋಡಿದರೆ ಪರದೆಯ ಮೇಲೆ ಧ್ವನಿಯ ಅಲೆಗಳ ತುದಿಯೆಲ್ಲ ಮೇಲೂ ಕೆಳಗೂ ಕತ್ತರಿಸಿ ಚಪ್ಪಟೆ. ಭಾಗವತರು ಮೆಲ್ಲಗೆ ಎತ್ತಿಕೊಂಡ ಪದ್ಯ ಚೆನ್ನಾಗಿಯೇ ಇರುತ್ತದೆ. ಏರುಪದ್ಯಕ್ಕೆ ಚೆಂಡೆ ಸೇರಿದ್ದೇ ತಡ, ತಗಡು ಬಡಿದ ಸದ್ದು. ಇದನ್ನು ಯಾರಿಂದಲೂ ಪೂರ್ತಿ ಸರಿ ಮಾಡಲು ಆಗುವುದಿಲ್ಲ. ಸಾಫ್ಟ್‌ವೇರ್ ಊಹೆಯ ಮೇಲೆ ಒಂದಿಷ್ಟು ತೇಪೆ ಹಾಕುತ್ತದೆ, ಅಷ್ಟೇ.

ಎಡವಟ್ಟು ಆಗುವುದು ಪ್ರೀಆಂಪ್‌ನ ಗೇನ್ ಗುಂಡಿಯಲ್ಲಿ, ಅಂದರೆ ಸಿಗ್ನಲ್ ಎಷ್ಟು ಹಿಗ್ಗಬೇಕು ಅಂತ ಹೊಂದಿಸುವ ಗುಂಡಿಯಲ್ಲಿ. ಮೈಕಿನಿಂದ ಬರುವ ಸಿಗ್ನಲ್ ಮಿಲಿವೋಲ್ಟ್ ಲೆಕ್ಕದ್ದು. ಅದನ್ನು ಕೆಲಸಕ್ಕೆ ಬರುವಷ್ಟು ದೊಡ್ಡದು ಮಾಡುವುದು ಪ್ರೀಆಂಪ್. ಅಲ್ಲಿ ಒಡೆದ ಮೇಲೆ ಕಂಪ್ಯೂಟರಿನಲ್ಲಿ ಫೇಡರ್ ಎಷ್ಟು ಇಳಿಸಿದರೂ ಒಡೆದ ಧ್ವನಿಯೇ ಸಣ್ಣಗೆ ಕೇಳುತ್ತದೆ.

‘ಲೆವೆಲ್ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?’ ಅಂತ ಹುಡುಗರು ಕೇಳುತ್ತಾರೆ. ಟೇಪಿನ ಕಾಲಕ್ಕೆ ಆ ಮಾತು ಸರಿ. ಟೇಪಿಗೆ ತನ್ನದೇ ಒಂದು ಸುಂಯ್ ಸದ್ದು ಇತ್ತು. ಅದು ಮುಚ್ಚಿಹೋಗಬೇಕಾದರೆ ಸದ್ದಿನ ಮಟ್ಟ ತೋರಿಸುವ ವಿಯು ಮೀಟರಿನ ಮುಳ್ಳು ಸೊನ್ನೆಯ ಹತ್ತಿರ ಆಡುತ್ತಿರಬೇಕಿತ್ತು. ಸ್ವಲ್ಪ ದಾಟಿದರೂ ಟೇಪ್ ಸಹಿಸಿಕೊಳ್ಳುತ್ತಿತ್ತು. ಡಿಜಿಟಲ್‌ನ ಸೊನ್ನೆ ಬೇರೆ. ಅದೇ ಕಡೆಯ ಮಿತಿ, ಅದರಾಚೆಗೆ ಏನೂ ಇಲ್ಲ; ಅದರ ಕೆಳಗಿನದೆಲ್ಲ ಮೈನಸ್ ಲೆಕ್ಕ. ಹಳೇ ಮುಳ್ಳಿನ ಸೊನ್ನೆಯನ್ನು ಇಲ್ಲಿ ಸುಮಾರು ಮೈನಸ್ 18 ಡೆಸಿಬೆಲ್‌ಗೆ ಹೊಂದಿಸಿಕೊಳ್ಳುವುದು ರೂಢಿ. ಡಿಜಿಟಲ್ ರೆಕಾರ್ಡಿಂಗಿನ ಸೂಕ್ಷ್ಮತೆಯನ್ನು ಬಿಟ್‌ನಲ್ಲಿ ಅಳೆಯುತ್ತಾರೆ. 16 ಬಿಟ್‌ನಲ್ಲಿ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ನಡುವೆ 96 ಡೆಸಿಬೆಲ್ ಜಾಗ ಇದ್ದರೆ, 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಇಷ್ಟು ಇರುವಾಗ ಜಿಪುಣತನ ಯಾಕೆ? ಪದ್ಯ ಮೈನಸ್ 18ರ ಆಸುಪಾಸು ಓಡಾಡಲಿ, ಜೋರು ಪೆಟ್ಟು ಮೈನಸ್ 12, ಹೆಚ್ಚೆಂದರೆ 10ಕ್ಕೆ ನಿಲ್ಲಲಿ. ಜೋರು ಬೇಕಿದ್ದರೆ ಕೊನೆಗೆ ಮಾಸ್ಟರಿಂಗ್‌ನಲ್ಲಿ, ಅಂದರೆ ಕಡೆಯ ಹದ ಮಾಡುವಾಗ, ಏರಿಸಿದರಾಯಿತು. ಹಾಗಂತ ಮೀಟರ್ ಅಲ್ಲಾಡದಷ್ಟು ಇಳಿಸುವುದೂ ಬೇಡ. ಆಮೇಲೆ ಏರಿಸುವಾಗ ಫ್ಯಾನಿನ ಸದ್ದೂ ಜೊತೆಗೇ ಏಳುತ್ತದೆ.

ಮೈಕ್ ಚೆಕ್ ಅಂದ ಕೂಡಲೇ ಎಲ್ಲರೂ ‘ಹಲೋ, ಹಲೋ, ಒಂದು, ಎರಡು’ ಅಂತ ಮೆತ್ತಗೆ ಹೇಳಿ ಎದ್ದುಬಿಡುತ್ತಾರೆ. ಅದನ್ನು ನಂಬಿ ಗೇನ್ ಇಟ್ಟರೆ ಕೆಟ್ಟಿರಿ. ನಾನು ಮೊದಲು ಗುಂಡಿಯನ್ನು ತೀರಾ ಕೆಳಗಿಡುತ್ತೇನೆ. ‘ಭಾಗವತರೇ, ಯುದ್ಧದ ಪದ್ಯ ಒಂದು ಹೇಳಿ. ಚೆಂಡೆಯವರೇ, ನೀವು ಸುಮ್ನೆ ತಟ್ಟುವುದಲ್ಲ, ಬಾರಿಸಿ’ ಅನ್ನುತ್ತೇನೆ. ಅತಿ ಜೋರಾದ ಪೆಟ್ಟು ಮೈನಸ್ 12 ಮುಟ್ಟುವವರೆಗೆ ನಿಧಾನ ಏರಿಸಿ, ಅಲ್ಲಿಂದ ಎರಡು ಮೂರು ಡೆಸಿಬೆಲ್ ವಾಪಸ್ ಇಳಿಸುತ್ತೇನೆ. ಆಟದ ಬಿಸಿ ಏರಿದ ಮೇಲೆ ಚೆಂಡೆಯ ಕೈ ಇನ್ನೂ ಬಿರುಸಾಗುತ್ತದೆ, ಅದು ಖಂಡಿತ. ಗೇನ್ ಪೂರ್ತಿ ಇಳಿಸಿದರೂ, ಧ್ವನಿ ಒಡೆಯುತ್ತಿದೆ ಅನ್ನುವ ಕೆಂಪು ದೀಪ ಹತ್ತುತ್ತಿದೆಯೇ? ಪ್ಯಾಡ್ ಅಂತ ಒಂದು ಸ್ವಿಚ್ ಇರುತ್ತದೆ, ಒತ್ತಿ. ಸಾಮಾನ್ಯವಾಗಿ 10 ಅಥವಾ 20 ಡೆಸಿಬೆಲ್ ಇಳಿಯುತ್ತದೆ. ಪ್ಯಾಡ್ ಇಲ್ಲದಿದ್ದರೆ ಮೈಕನ್ನೇ ಹಿಂದಕ್ಕೆ ಸರಿಸಿ.

ಲೈವ್ ಮಾಡುವವರಿಗೂ ಒಂದು ಮಾತು. ಮಿಕ್ಸರ್‌ನ ಔಟ್‌ಪುಟ್ ಒಂದು ವೋಲ್ಟಿನ ಆಸುಪಾಸು ಇರುತ್ತದೆ. ಅದನ್ನು ತಂದು ಕ್ಯಾಮೆರಾದ ಮೈಕ್ ತೂತಿಗೆ ಚುಚ್ಚಿದರೆ ಒಡೆಯದೆ ಇನ್ನೇನಾಗುತ್ತದೆ? ಇಂಥ ದೊಡ್ಡ ಸಿಗ್ನಲ್‌ಗೆಂದೇ ಇರುವ ಲೈನ್ ಇನ್‌ಪುಟ್ ಇದ್ದರೆ ಅದಕ್ಕೇ ಕೊಡಿ.

ಇನ್ನು ಆಟ ಆಡಿಸುವ ಸಮಿತಿಯವರಲ್ಲಿ ಒಂದು ಕೋರಿಕೆ. ಹಿಮ್ಮೇಳದವರನ್ನು ಮೊದಲೇ ಒಂದು ಹತ್ತು ನಿಮಿಷ ಮೈಕಿನ ಮುಂದೆ ಕೂರಿಸಿ ಕೊಡಿ. ದೀಪ ಹಚ್ಚುವ ಮುಖ್ಯ ಅತಿಥಿಗಳು ಹೇಗೂ ತಡವಾಗಿಯೇ ಬರುವುದು.

– ಧ್ವನಿಮುದ್ರಣದ ಕೆಲಸದವ, ಪುತ್ತೂರು