ಗಂಟಲು ವಾಪಸ್ ಬಂತು, ಎಲ್ಲರಿಗೂ ಥ್ಯಾಂಕ್ಸ್

ಮೊನ್ನೆ ಗುರುವಾರ ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ಹರಾಜು ಕೂಗಿದೆ. ಮೂರು ತಿಂಗಳ ಮೇಲೆ. ಕೂಗಿದೆ ಅನ್ನೋದು ಸುಳ್ಳು, ನಮ್ಮ ಮಂಡಿ ಸಾಹುಕಾರರು ತಂದುಕೊಟ್ಟ ಸಣ್ಣ ಮೈಕನ್ನು ಸೊಂಟಕ್ಕೆ ಕಟ್ಟಿಕೊಂಡು ಮಾತಾಡಿದೆ ಅಷ್ಟೇ. ಎರಡನೇ ಲಾಟಿಗೆ ಹಮಾಲಿ ಅಣ್ಣಂದಿರು ಶಿಳ್ಳೆ ಹೊಡೆದರು. ಕಣ್ಣಲ್ಲಿ ನೀರು ಬಂತು, ಧೂಳು ಅಂದುಕೊಂಡಿರಬೇಕು ಎಲ್ಲರೂ.

ಏಪ್ರಿಲ್-ಮೇನಲ್ಲಿ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಬರುತ್ತಲ್ಲ, ಆಗಲೇ ನನ್ನ ಗಂಟಲು ಒಡೆದ ತಮಟೆ ಆಗಿತ್ತು. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಅಂತ ಎರಡು ತಿಂಗಳು ಮಾತ್ರೆ ನುಂಗಿಸಿದರು. ಆಮೇಲೆ ಕ್ಯಾಮೆರಾ ಬಿಟ್ಟು ನೋಡಿದರೆ ಧ್ವನಿ ತಂತು ಮೇಲೆ ಅಕ್ಕಿಕಾಳಿನಷ್ಟು ಗುಳ್ಳೆ. ಬಾಯೊಳಗಿಂದಲೇ ಆಪರೇಷನ್ ಮಾಡಿ ತೆಗೆದರು. ಆಮೇಲೆ ಒಂದು ವಾರ ಮಾತಾಡೋ ಹಾಗಿಲ್ಲ, ಪಿಸುಗುಟ್ಟೋ ಹಾಗೂ ಇಲ್ಲ. ಆ ವಾರ ನನ್ನ ಪರವಾಗಿ ಫೋನಲ್ಲಿ ಮಾತಾಡಿದ್ದು ಎಂಟು ವರ್ಷದ ಮಗಳು. ರೈತರಿಗೆ ರೇಟು ಹೇಳಿದ್ದೂ ಅವಳೇ. ಒಬ್ಬರಿಗೆ ಮೂಟೆಗೆ ಐವತ್ತು ರೂಪಾಯಿ ಜಾಸ್ತಿ ಹೇಳಿಬಿಟ್ಟಿದ್ದಳು, ಸಾಹುಕಾರರು ಅದನ್ನೇ ಕೊಟ್ಟರು. ಅವರಿಗೆ ದೊಡ್ಡ ನಮಸ್ಕಾರ.

ಆದರೆ ಇದನ್ನು ಬರೆಯೋಕೆ ಕೂತಿದ್ದು ಇನ್ನೊಬ್ಬರಿಗೋಸ್ಕರ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಿಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ, ನಾನು 2002ರಿಂದ 2005ರವರೆಗೆ ಸಿನಿಮಾದ ಮಕ್ಕಳಿಗೆ ದನಿ ಕೊಡುತ್ತಿದ್ದೆ. ಆಗ ಒಂಬತ್ತು ವರ್ಷ. ಹಾಸನ ಆಕಾಶವಾಣಿ, ನಮ್ಮ 102.2ರ ಮಕ್ಕಳ ಕಾರ್ಯಕ್ರಮದಲ್ಲಿ ಒಂದು ಕಥೆ ಹೇಳಿದ್ದೆ, ಅದು ಯಾರದೋ ಕಿವಿಗೆ ಬಿದ್ದು ಬೆಂಗಳೂರಿಂದ ಕರೆ ಬಂತು. ಆಗಿನ್ನೂ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ರೈಲಿರಲಿಲ್ಲ. ಅಪ್ಪ ರಾತ್ರಿ ಬಸ್ಸಿಗೆ ಹತ್ತಿಸುತ್ತಿದ್ದರು, ಚನ್ನರಾಯಪಟ್ಟಣ ದಾಟೋ ಮೊದಲೇ ಅವರ ತೊಡೆ ಮೇಲೆ ನಿದ್ದೆ. ಸ್ಟುಡಿಯೋದಲ್ಲಿ ಮೈಕು ಎಟುಕದೆ ಸ್ಟೂಲ್ ಮೇಲೆ ನಿಲ್ಲಿಸುತ್ತಿದ್ದರು. ಎದುರಿಗೆ ಪರದೆ ಮೇಲೆ ಒಬ್ಬ ಹುಡುಗ ತುಟಿ ಆಡಿಸುತ್ತಾನೆ, ಆ ತುಟಿಗೆ ನನ್ನ ಮಾತು ಕೂರಬೇಕು. ಮಾತು ಸುಲಭ. ಓಡಿ ಬಂದ ಏದುಸಿರು, ಬಿಕ್ಕೋದು, ಜಗಿಯೋದು, ಇವು ಕಷ್ಟ. ಒಂದು ಸೀನಿನಲ್ಲಿ ಹುಡುಗ ಬೆಲ್ಲ ಕದ್ದು ತಿನ್ನುತ್ತಾನೆ. ನನಗೆ ಬೇಕರಿ ಬನ್ನು ಕೊಟ್ಟು ಜಗಿಯೋ ಅಂದರು. ಐದು ಟೇಕ್, ಐದು ಬನ್ನು. ಆರನೆಯದರಲ್ಲಿ ತೇಗು ಬಂತು, ಅದನ್ನೇ ಇಟ್ಟುಕೊಂಡರು.

ಕೆಲಸ ಜಾಸ್ತಿ ಇರಲಿಲ್ಲ. ಆಗ ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಮಾಡೋಕೆ ಬಿಡುತ್ತಿರಲಿಲ್ಲ ಅಲ್ವಾ, ಆ ತಡೆ ತಪ್ಪು ಅಂತ, ವ್ಯಾಪಾರದಲ್ಲಿ ಪೈಪೋಟಿಗೆ ಯಾರೂ ಅಡ್ಡ ಬರದ ಹಾಗೆ ನೋಡಿಕೊಳ್ಳೋ ಕೇಂದ್ರದ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ನಾನು ಗಡ್ಡೆ ತೂಗುತ್ತಿದ್ದೆ. ಒಂದು ಕಡೆಯಿಂದ ದುಡ್ಡು ಇವತ್ತಿಗೂ ಬರಬೇಕು. ಹೋಗಲಿ ಬಿಡಿ.

ಕೊನೇ ದಿನ ಚೆನ್ನಾಗಿ ನೆನಪಿದೆ. ಅರ್ಧ ಸಿನಿಮಾ ಮುಗಿಸಿದ್ದೆ, ಎರಡು ವಾರ ಬಿಟ್ಟು ಉಳಿದ ಅರ್ಧಕ್ಕೆ ಹೋದೆ. "ಅಮ್ಮಾ" ಅಂದರೆ ಮೊದಲ ಅಕ್ಷರ ನನ್ನದು, ಎರಡನೆಯದು ಯಾರೋ ಗಂಡಸಿನದು. ಗಾಜಿನ ಆಚೆ ಇದ್ದವರು ನಕ್ಕರು. ಮತ್ತೆ ಅಂದೆ, ಮತ್ತೆ ಒಡೆಯಿತು. ಸ್ಟೂಲಿಂದ ಇಳಿಸಿ ಬಾಳೆಹಣ್ಣು ಕೊಟ್ಟು ಕೂರಿಸಿದರು. ಹುಡುಗರಿಗೆ ಆ ವಯಸ್ಸಲ್ಲಿ ತಂತು ಉದ್ದ ಆಗಿ ದನಿ ಇಳಿಯುತ್ತೆ ಅಂತ ಅವತ್ತು ಯಾರೂ ಹೇಳಲಿಲ್ಲ. ಏನೋ ತಪ್ಪು ಮಾಡಿದೆ ಅಂದುಕೊಂಡೆ. ಆಮೇಲೆ ಒಬ್ಬರು ಅಕ್ಕ ಬಂದು ನಾನು ನಿಂತಿದ್ದ ಜಾಗದಲ್ಲಿ ನಿಂತು ಉಳಿದದ್ದನ್ನು ಮುಗಿಸಿದರು. ಆ ಸಿನಿಮಾದಲ್ಲಿ ಹುಡುಗ ನನ್ನ ದನಿಯಲ್ಲಿ ಬಾಗಿಲು ದಾಟುತ್ತಾನೆ, ಅಕ್ಕನ ದನಿಯಲ್ಲಿ ವಾಪಸ್ ಬರುತ್ತಾನೆ. ಇಪ್ಪತ್ತು ವರ್ಷ ಆ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ಅಲ್ಲಿಂದ ಮುಂದೆ ನಾನು ನೋಡಿಲ್ಲ. ಅವರ ಮೇಲೆ ಸುಮ್ನೆ ಸಿಟ್ಟು.

ಈ ಸಲ ನಾನು ಬಾಯಿ ಮುಚ್ಚಿ ಮಂಕಾಗಿ ಕೂತಾಗ ನನ್ನ ಹೆಂಡತಿ ಅಪ್ಪನ ಹಳೇ ಡೈರಿಯಲ್ಲಿ ನಂಬರ್ ಹುಡುಕಿ, ಅಲ್ಲಿಂದ ಇಲ್ಲಿಗೆ ಕೇಳಿ ಕೇಳಿ ಅದೇ ಅಕ್ಕನನ್ನು ಹಿಡಿದಿದ್ದಾಳೆ. ನನಗೆ ಹೇಳಲೇ ಇಲ್ಲ. ಮೂರನೇ ದಿನ ಬೆಳಗ್ಗೆ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್. "ಪುಟ್ಟಾ, ನೀನು ಮಾತಾಡಬೇಡ, ನಾನು ಮಾತಾಡ್ತೀನಿ."

ದಿನಾ ಮಾತಾಡಿದರು. ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗು ಅಂತ ಹಿಂದೆ ಬಿದ್ದು ಕಳಿಸಿದ್ದೂ ಅವರೇ. ಅಲ್ಲಿ ಕಲಿಸಿದ ಹಾಗೆ ನೀರಿಗೆ ಸ್ಟ್ರಾ ಹಾಕಿ ಊದುತ್ತಾ "ಊ" ಅನ್ನುತ್ತಾ ಕೂತರೆ ಮಗಳಿಗೆ ನಗುವೋ ನಗು.

ಅಕ್ಕ, ನೀವು ಒಂದು ದಿನ ಹೇಳಿದಿರಿ. ಅವತ್ತು ನನ್ನ ಥರಾನೇ ಬರಬೇಕು ಅಂತ ನನ್ನ ಟ್ರ್ಯಾಕನ್ನು ಹದಿನೈದು ಸಲ ಕೇಳಿದ್ದಿರಂತೆ. ನಾನು "ಇಲ್ಲ" ಅನ್ನೋ ಮುಂಚೆ ಮೂಗಲ್ಲಿ ಸಣ್ಣಗೆ ಒಂದು ಉಸಿರು ಬಿಡುತ್ತಿದ್ದೆನಂತೆ, ಅದನ್ನೂ ಹಾಕಿದ್ದಿರಂತೆ. ಅವತ್ತು ರಾತ್ರಿ ಆ ಸಿನಿಮಾ ಪೂರ್ತಿ ನೋಡಿದೆ. ಇದೆ, ಆ ಉಸಿರು ಇದೆ. ನೀವು ಈಗಲೂ ಹಾಗೇ ಮಾಡ್ತೀರಲ್ರೀ ಅಂದಳು ಹೆಂಡತಿ.

ಸಿಟ್ಟು ಮಾಡಿಕೊಂಡಿದ್ದಕ್ಕೆ ಕ್ಷಮಿಸಿ ಅಕ್ಕ. ಹಾಸನಾಂಬೆ ಬಾಗಿಲು ತೆಗೆದಾಗ ಬರ್ತೀನಿ ಅಂದಿದ್ದೀರಿ. ಬನ್ನಿ. ಸಾಲು ಉದ್ದ ಇರುತ್ತೆ, ಜೊತೆಗೆ ನಿಲ್ಲೋಣ, ಈ ಸಲ ನಾನು ಮಾತಾಡ್ತೀನಿ. ಹೋಗುವಾಗ ಒಂದು ಮೂಟೆ ಗಡ್ಡೆ ಬೇಡ ಅನ್ನಬೇಡಿ, ಬಸ್ಸಿಗೆ ಹಮಾಲಿ ಅಣ್ಣಂದಿರೇ ಏರಿಸ್ತಾರೆ.