ಶುಲ್ಕ ಕಟ್ಟುವ ಮೊದಲು ಒಂದು ಬೆಳಿಗ್ಗೆ ಬಂದು ಕುಳಿತುಕೊಳ್ಳಿ

ಮಾನ್ಯ ಪೋಷಕರೇ,

ಬರುವ ಜೂನ್‌ನಿಂದ ನಮ್ಮ ಮಾಂಟೆಸ್ಸರಿಯಲ್ಲಿ (ಮಕ್ಕಳು ಸಾಮಗ್ರಿಗಳನ್ನು ಕೈಯಲ್ಲಿ ಹಿಡಿದು ತಾವಾಗಿ ಕಲಿಯುವ ಶಿಶುಶಾಲೆಯಲ್ಲಿ) ಪ್ರವೇಶದ ಕ್ರಮ ಬದಲಾಗುತ್ತಿದೆ. ಸುತ್ತುಬಳಸದೆ ಹೇಳಿಬಿಡುತ್ತೇವೆ. ತಂದೆ ತಾಯಿಯರಲ್ಲಿ ಒಬ್ಬರಾದರೂ ಒಂದು ಪೂರ್ತಿ ಬೆಳಿಗ್ಗೆ ತರಗತಿಯ ಮೂಲೆಯಲ್ಲಿ ಕುಳಿತು ನೋಡದ ಹೊರತು ಇನ್ನು ಅರ್ಜಿ ಕೊಡುವುದಿಲ್ಲ. ಎರಡೂವರೆಯಿಂದ ಮೂರೂವರೆ ವರ್ಷದೊಳಗಿನ ಮಕ್ಕಳನ್ನು ಮಾತ್ರ ಹೊಸದಾಗಿ ಸೇರಿಸಿಕೊಳ್ಳುತ್ತೇವೆ. ಇಡೀ ವರ್ಷದ ಶುಲ್ಕವನ್ನು ಒಂದೇ ಸಲ ಕಟ್ಟಿಸಿಕೊಳ್ಳುವ ಪದ್ಧತಿಯೂ ನಿಲ್ಲುತ್ತದೆ. ಈಗಾಗಲೇ ನಮ್ಮಲ್ಲಿರುವ ಮಕ್ಕಳಿಗೆ ಮೊದಲ ಎರಡು ಮಾತು ಅನ್ವಯಿಸುವುದಿಲ್ಲ. ಶುಲ್ಕದ ಕಂತು ಎಲ್ಲರಿಗೂ ಉಂಟು.

ಈ ಬದಲಾವಣೆಗೆ ಕಾರಣವಿದೆ. ಒಂದೇ ಕೋಣೆ, ಅದೇ ಅಕ್ಕಂದಿರು (ನಮ್ಮ ಶಿಕ್ಷಕಿಯರು), ಆದರೆ ಪೋಷಕರ ಮಾತು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕುವೆಂಪುನಗರದ ತಾಯಿಯೊಬ್ಬರು ತಮ್ಮ ಮಗ ಮನೆಯಲ್ಲಿ ತಾನಾಗಿಯೇ ಅವರೆಕಾಯಿ ಸುಲಿಯಲು ಕುಳಿತದ್ದನ್ನು ಸಂಭ್ರಮದಿಂದ ಹೇಳಿದರು. ಅದೇ ವಾರ ಬೋಗಾದಿಯ ತಂದೆಯೊಬ್ಬರು ವರ್ಗಾವಣೆ ಪತ್ರ ಕೇಳಲು ಬಂದು, “ಒಂದು ವರ್ಷ ದುಡ್ಡು ತೆಗೆದುಕೊಂಡು ನನ್ನ ಮಗಳಿಗೆ ಲೋಟದಿಂದ ಲೋಟಕ್ಕೆ ನೀರು ಸುರಿಯುವುದನ್ನು ಕಲಿಸಿದಿರಿ” ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಸಂಕ್ರಾಂತಿಗೆ ಬರುವ ನೆಂಟರ ಮುಂದೆ ಮಗಳು ಎ ಯಿಂದ ಝಡ್‌ವರೆಗೆ ಒಪ್ಪಿಸಲಿ ಎಂದು ಬಯಸಿದವರಿಗೆ ನಮ್ಮ ಕೋಣೆ ಬರಿದಾಗಿಯೇ ಕಾಣುತ್ತದೆ.

ಆ ನೀರಿನ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊದಲು ಎರಡು ಪುಟ್ಟ ಜಗ್ಗುಗಳಲ್ಲಿ ರಾಗಿ, ಕೈ ಕುದುರಿದ ಮೇಲೆ ನೀರು. ಮಗು ಒಂದು ಕೈಯಲ್ಲಿ ಹಿಡಿ ಹಿಡಿದು, ಇನ್ನೊಂದು ಕೈಯನ್ನು ಮೂತಿಯ ಕೆಳಗೆ ಕೊಟ್ಟು, ಉಸಿರು ಬಿಗಿಹಿಡಿದು ಸುರಿಯುತ್ತದೆ. ಚೆಲ್ಲಿದರೆ ಯಾರೂ ಗದರಿಸುವುದಿಲ್ಲ. ಸ್ಪಂಜು ಪಕ್ಕದಲ್ಲೇ ಇದೆ, ತಾನೇ ಒರೆಸುತ್ತದೆ, ಮತ್ತೆ ಸುರಿಯುತ್ತದೆ. ಮಣಿಕಟ್ಟು ಗಟ್ಟಿಯಾಗುವುದು ಅಲ್ಲಿ. ಹಲಗೆಯ ಕುಳಿಗಳಲ್ಲಿ ಕೂರಿಸುವ ಮರದ ಸಿಲಿಂಡರ್‌ಗಳ ಚಿಕ್ಕ ಗುಬಟನ್ನು ಮೂರು ಬೆರಳಿನಲ್ಲಿ ಎತ್ತಿ ಎತ್ತಿ ಪಳಗಿದ ಕೈಗೆ ಮುಂದೆ ಪೆನ್ಸಿಲ್ ಹಿಡಿಯುವುದನ್ನು ಬೇರೆಯಾಗಿ ಕಲಿಸಬೇಕಾಗುವುದಿಲ್ಲ. ಆಮೇಲೆ ಉಪ್ಪುಕಾಗದದ ಅಕ್ಷರಗಳು: ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ ಅಕ್ಷರದ ಮೇಲೆ ಸವರುತ್ತಾ ಅದರ ಉಚ್ಚಾರ. ಕನ್ನಡಕ್ಕೆ ನಾವು ಸರ್ಕಾರಿ ಶಾಲೆಯ ಪುಸ್ತಕದ ರ, ಗ, ಸ, ದ, ಅ ಕ್ರಮವನ್ನೇ ಹಿಡಿದಿದ್ದೇವೆ. ಅದಕ್ಕಿಂತ ಒಳ್ಳೆಯದು ನಮಗೆ ಕಂಡಿಲ್ಲ. (ಒಂದರ ಮೇಲೊಂದು ಪೇರಿಸುವ ಗುಲಾಬಿ ಗೋಪುರದಲ್ಲಿ ಹತ್ತು ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗೆ ಹತ್ತು ಘನಗಳಿರುತ್ತವೆ. ಎಲ್ಲಕ್ಕಿಂತ ಚಿಕ್ಕದು ಚಡ್ಡಿಯ ಜೇಬಿನಲ್ಲಿ ಮನೆಗೆ ಬಂದಿದ್ದರೆ ದಯವಿಟ್ಟು ಹಿಂದಿರುಗಿಸಿ. ಅದಿಲ್ಲದೆ ಗೋಪುರ ಮುಗಿಯುವುದಿಲ್ಲ, ಮಕ್ಕಳು ನಮ್ಮನ್ನು ಬಿಡುವುದೂ ಇಲ್ಲ.)

ವಯಸ್ಸಿನ ಮಿತಿಗೆ ಕಾರಣ ಮಗು ನಮ್ಮಲ್ಲಿ ಕಳೆಯುವ ಮೂರನೆಯ ವರ್ಷ. ನಮ್ಮಲ್ಲಿ ಎಲ್‌ಕೆಜಿ, ಯುಕೆಜಿ ಎಂಬ ವಿಂಗಡಣೆ ಇಲ್ಲ. ಎರಡೂವರೆಯಿಂದ ಆರರವರೆಗಿನವರು ಒಟ್ಟಿಗೆ ಇರುತ್ತಾರೆ. ಬಿಡಿ ಮಣಿ ಒಂದು, ಕಡ್ಡಿ ಹತ್ತು, ಚೌಕ ನೂರು, ಘನ ಸಾವಿರ ಎಂದು ಕೈಯಲ್ಲಿ ಹಿಡಿದು ಲೆಕ್ಕ ಮಾಡುವುದು, ಚಿಕ್ಕವರಿಗೆ ಗುಂಡಿ ಹಾಕಲು ಹೇಳಿಕೊಡುವುದು, ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಅಂಗಡಿಯ ಬೋರ್ಡನ್ನು ಓದಿಬಿಡುವುದು, ಇವೆಲ್ಲ ಸಾಮಾನ್ಯವಾಗಿ ಕೂಡಿಬರುವುದು ಆ ವರ್ಷದಲ್ಲಿ. ಎರಡು ವರ್ಷಕ್ಕೇ ಬಿಡಿಸಿಕೊಂಡವರು “ಏನೂ ಕಲಿಯಲಿಲ್ಲ” ಎನ್ನುವುದು ಬಹಳ ಮಟ್ಟಿಗೆ ಇದರಿಂದಲೇ. ಐದು ತುಂಬಿದ ಮೇಲೆ ನಾಲ್ಕು ಗೆರೆ ಪುಸ್ತಕದ ಶಾಲೆಯಿಂದ ಬಂದ ಮಗುವೂ ಪಾಪ, ಮುಂದೇನು ಮಾಡಬೇಕೆಂದು ಅಕ್ಕನ ಮುಖವನ್ನೇ ನೋಡುತ್ತಾ ಅರ್ಧ ವರ್ಷ ಕಳೆಯುತ್ತದೆ. ಇಲ್ಲಿನ ರೂಢಿ ಹತ್ತುವಷ್ಟರಲ್ಲಿ ಒಂದನೇ ತರಗತಿಗೆ ಹೊರಟುಹೋಗಿರುತ್ತದೆ.

ಮೊದಲೆಲ್ಲ ಬೇಗ ಬಿಡಿಸುವ ಅವಸರಕ್ಕೆ ಒಂದು ಅರ್ಥವಿತ್ತು, ಆರು ತುಂಬುವ ಮೊದಲೇ ಒಂದನೇ ತರಗತಿಗೆ ಸೇರಿಸಬಹುದಿತ್ತು. ಈಗ ರಾಜ್ಯದ ನಿಯಮದಂತೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 5 ವರ್ಷ 5 ತಿಂಗಳಿಗೆ ಇಳಿಸಿದ್ದು 2025-26ನೇ ಸಾಲಿಗೆಂದು ಕೊಟ್ಟ ಸಡಿಲಿಕೆ. ನಾಲ್ಕೂವರೆಯಲ್ಲಿ ನಮ್ಮಿಂದ ಬಿಡಿಸಿ ಬೇರೆ ಕಡೆ ಸೇರಿಸಿದರೆ ವರ್ಷವೇನೂ ಉಳಿಯುವುದಿಲ್ಲ.

ಇನ್ನು ಹೆಸರಿನ ವಿಷಯ. ಮಾಂಟೆಸ್ಸರಿ ಎಂಬ ಹೆಸರಿನ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ. ಸರಸ್ವತಿಪುರಂನಲ್ಲಾಗಲಿ ವಿಜಯನಗರದಲ್ಲಾಗಲಿ ಯಾರು ಬೇಕಾದರೂ ಮನೆಯ ಮುಂದೆ ಬೋರ್ಡು ಹಾಕಿ, ಒಳಗೆ ಮೂರು ವರ್ಷದ ಮಗುವಿಗೆ ಕಾಪಿ ಬರೆಸಬಹುದು. ನಿಮ್ಮ ಓರಗಿತ್ತಿಯೋ ಸಹೋದ್ಯೋಗಿಯೋ ಹೇಳಿದ ಅನುಭವ ಅಂಥ ಕಡೆಯದೂ ಇರಬಹುದು. ಎಲ್ಲಿಗೇ ಹೋಗಿ, ಇಷ್ಟು ಕೇಳಿ: ವಯಸ್ಸು ಬೆರೆತ ಗುಂಪು ಇದೆಯೇ, ಬೆಳಿಗ್ಗೆ ನಡುವೆ ಗಂಟೆ ಬಾರಿಸಿ ಎಬ್ಬಿಸದೆ ತಮ್ಮ ಕೆಲಸದಲ್ಲಿ ಮುಳುಗಿರಲು ಮಕ್ಕಳಿಗೆ ಸುಮಾರು ಮೂರು ಗಂಟೆ ಸಿಗುತ್ತದೆಯೇ, ಸಾಮಗ್ರಿ ಮಕ್ಕಳ ಕೈಗೆಟುಕುವ ಕಪಾಟಿನಲ್ಲಿದೆಯೇ ಅಥವಾ ಗಾಜಿನ ಬೀರುವಿನಲ್ಲಿದೆಯೇ, ಶಿಕ್ಷಕಿಯರು ತರಬೇತಿ ಪಡೆದದ್ದು ಎಲ್ಲಿ. ನಮ್ಮನ್ನೂ ಕೇಳಿ.

ದುಡ್ಡಿದ್ದವರ ಶಾಲೆ ಎಂಬ ದೂರಿಗೆ ನಮ್ಮ ಬಳಿ ಸಮಜಾಯಿಷಿ ಇಲ್ಲ. 1907ರಲ್ಲಿ ಈ ಪದ್ಧತಿಯನ್ನು ರೂಪಿಸಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿಯವರು ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು ಕೂಲಿಕಾರರ ಮಕ್ಕಳಿಗಾಗಿ. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರೆಗೆ ಓಗೊಟ್ಟು ಮದರಾಸಿನ ಅಡ್ಯಾರ್‌ಗೆ ಬಂದು, ಎರಡನೇ ಮಹಾಯುದ್ಧ ಮುಗಿಯುವ ತನಕ ನಮ್ಮ ದೇಶದಲ್ಲೇ ಉಳಿದು ಶಿಕ್ಷಕರನ್ನು ತಯಾರು ಮಾಡಿದರು. ಅಂಥ ಪದ್ಧತಿ ಇಂದು ಮೈಸೂರಿನಲ್ಲಿ ಹೆಚ್ಚಾಗಿ ಅನುಕೂಲಸ್ಥರ ಪಾಲಾಗಿದೆ. ಮರದ ಸಾಮಗ್ರಿ ದುಬಾರಿ, ತರಬೇತಾದ ಅಕ್ಕಂದಿರ ಸಂಬಳ ಅದಕ್ಕಿಂತ ಹೆಚ್ಚು. ಶುಲ್ಕ ಇಳಿಸಲು ನಮ್ಮಿಂದ ಆಗುತ್ತಿಲ್ಲ, ಕಟ್ಟುವ ಭಾರವನ್ನಷ್ಟೇ ಹಂಚಬಲ್ಲೆವು.

ಆದ್ದರಿಂದ ಶುಲ್ಕವನ್ನು ಜೂನ್‌ನಲ್ಲಿ, ದಸರಾ ರಜೆ ಮುಗಿದ ಮೇಲೆ, ಸಂಕ್ರಾಂತಿ ಕಳೆದ ಮೇಲೆ, ಹೀಗೆ ಮೂರು ಕಂತಿನಲ್ಲಿ ಕಟ್ಟಿ. ನಡುವೆ ಬಿಡಿಸಿಕೊಂಡರೆ ಮುಂದಿನ ಕಂತು ಕೇಳುವುದಿಲ್ಲ, ಪತ್ರಗಳನ್ನು ತಡೆಹಿಡಿಯುವುದೂ ಇಲ್ಲ. ಸೇರಿದ ಮೊದಲ ತಿಂಗಳಲ್ಲೇ ಬೇಡವೆನಿಸಿದರೆ ಕಟ್ಟಿದ ಕಂತಿನ ಅರ್ಧ ವಾಪಸು.

ನೋಡಲು ಬರುವವರು ಒಂಬತ್ತಕ್ಕೆ ಬಂದು ಹನ್ನೆರಡರವರೆಗೆ ಇರಬೇಕು. ಮೊಬೈಲ್ ಕಚೇರಿಯಲ್ಲಿಡಿ, ಫೋಟೊ ಬೇಡ, ಮಕ್ಕಳನ್ನು ಮಾತನಾಡಿಸಬೇಡಿ. ಅವರೇ ಬಂದು ಕೇಳಿದರೆ ಚುಟುಕಾಗಿ ಉತ್ತರಿಸಿ. ಏನೂ ಮಾಡದೆ ಸುತ್ತಾಡುವ ಮಗು ಕಂಡೇ ಕಾಣುತ್ತದೆ, ಚಾಪೆಗಾಗಿ ಜಗಳವೂ ಆಗಬಹುದು. ನಿಮಗಾಗಿ ಆ ದಿನ ಏನನ್ನೂ ಸಿಂಗರಿಸುವುದಿಲ್ಲ. ಮಗುವನ್ನು ನಮ್ಮಿಂದ ಬಿಡಿಸಿಕೊಂಡವರಲ್ಲೂ ಒಂದೆರಡು ಮನೆಯವರು ಹೊಸಬರೊಂದಿಗೆ ಮಾತನಾಡಲು ಒಪ್ಪಿದ್ದಾರೆ, ಕೇಳಿದರೆ ಭೇಟಿ ಮಾಡಿಸುತ್ತೇವೆ. ಅಜ್ಜಿ ತಾತ ಜೊತೆಯಲ್ಲಿರುವ ಮನೆಯಾದರೆ ಅವರೂ ಒಮ್ಮೆ ಬಂದು ನೋಡಲಿ. ಮನೆಯಲ್ಲಿ ತುತ್ತು ಮಾಡಿ ತಿನ್ನಿಸುವ ಅಜ್ಜಿಗೆ ಇಲ್ಲಿ ಮಗು ತಾನೇ ಬಡಿಸಿಕೊಳ್ಳುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು, ಅವರ ಒಪ್ಪಿಗೆಯಿಲ್ಲದೆ ನಮ್ಮ ಕೆಲಸ ಅರ್ಧ ಮಾತ್ರ. ನೋಡಿದ ಮೇಲೂ ದಿನಾ ಮನೆಗೆಲಸ, ತಿಂಗಳಿಗೊಂದು ಪರೀಕ್ಷೆ ಬೇಕೆನಿಸಿದರೆ ಅದನ್ನು ಚೆನ್ನಾಗಿ ಮಾಡುವ ಶಾಲೆಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ಮೊದಲ ದಿನದಿಂದಲೇ ಅಲ್ಲಿಗೆ ಸೇರಿಸಿ.

ಮಂಗಳವಾರ ಮತ್ತು ಗುರುವಾರ, ದಿನಕ್ಕೆ ಇಬ್ಬರಿಗೆ ಮಾತ್ರ ಕುರ್ಚಿ. ಕಚೇರಿಯಲ್ಲಿ ಹೆಸರು ಬರೆಸಿ. ಆ ದಿನ ಮಗುವನ್ನು ಕರೆತರಬೇಡಿ, ಜನನ ಪ್ರಮಾಣಪತ್ರದ ಒಂದು ನಕಲು ಸಾಕು.

ಇಂತಿ,
ಆಡಳಿತ ಸಮಿತಿ ಮತ್ತು ಅಕ್ಕಂದಿರು
ಮೈಸೂರು